ಕಸುಬಿಗೆ ತಕ್ಕ ಹತ್ಯಾರು: ಕೊಟ್ಟ ಬೆಲೆಗೆ ಬಾಳುತ್ತದೆಯೇ?

ಅಡಿಕೆ ಕೊಯ್ಲು ಹತ್ತಿರವಾಗುತ್ತಿದ್ದಂತೆ ಸಂಘದ ಕಾರ್ಯಾಲಯಕ್ಕೆ ಬರುವ ಸದಸ್ಯರಲ್ಲಿ ಅನೇಕರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಕಾರ್ಬನ್ ಫೈಬರ್ ದೋಟಿಗೆ ಅಷ್ಟೊಂದು ಹಣ ಹಾಕಬಹುದೇ? ಗಿಡ ಸವರಲು ಸಾವಿರಗಟ್ಟಲೆ ಬೆಲೆಯ ಕತ್ತರಿ ಬೇಕೇ, ಊರ ಕಮ್ಮಾರನ ಕತ್ತಿ ಸಾಲದೇ? ಸುಲಿಯುವ ಹೆಂಗಸರಿಗೆ ಹೊಸ ನಮೂನೆಯ ಕತ್ತಿ ತಂದುಕೊಟ್ಟರೆ ಕೆಲಸ ಬೇಗ ಸಾಗುವುದೇ? ಒಟ್ಟಿನಲ್ಲಿ, ಒಂದೊಂದು ಕೆಲಸಕ್ಕೆಂದೇ ತಯಾರಾದ ವಿಶೇಷ ಹತ್ಯಾರುಗಳು ಕೊಟ್ಟ ಹಣಕ್ಕೆ ತಕ್ಕ ಪ್ರಯೋಜನ ನೀಡುತ್ತವೆಯೇ ಎಂಬುದು ಎಲ್ಲರ ಸಂದೇಹ.

ಪ್ರಶ್ನೆ ಸಣ್ಣದಲ್ಲ. ನಮ್ಮ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳಲ್ಲಿ ತೋಟ ಹೆಚ್ಚುತ್ತಿದೆ, ಮರ ಹತ್ತುವವರು ಕಡಿಮೆಯಾಗುತ್ತಿದ್ದಾರೆ. ಇರುವವರಲ್ಲೂ ಬಹುಮಂದಿಗೆ ವಯಸ್ಸಾಗಿದೆ. ಅವರ ಮಕ್ಕಳು ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳಿಗೋ ಬೆಂಗಳೂರಿಗೋ ಹೋಗುತ್ತಾರೆಯೇ ಹೊರತು ಕಾಲಿಗೆ ತಳೆ ಹಾಕಿಕೊಂಡು ಮರ ಏರಲು ಬರುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ಕೈಕಾಲು ಮುರಿಯುವ ಭಯವಿರುವ, ವರ್ಷದಲ್ಲಿ ಕೆಲವೇ ತಿಂಗಳು ಸಿಗುವ ಕೆಲಸಕ್ಕೆ ಯಾರು ತಾನೇ ಮುಂದೆ ಬಂದಾರು? ಆದ್ದರಿಂದ ಹತ್ಯಾರಿನ ಪ್ರಶ್ನೆಯನ್ನು ಕೇವಲ ಖರ್ಚಿನ ಪ್ರಶ್ನೆಯಾಗಿ ನೋಡದೆ, ಈ ಕಸುಬುಗಳು ಮುಂದೆ ಉಳಿಯುತ್ತವೆಯೇ ಎಂಬ ಪ್ರಶ್ನೆಯಾಗಿಯೂ ನೋಡಬೇಕಾಗಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ಯಾರು ದುಬಾರಿಯೋ ಅಗ್ಗವೋ ಎಂಬುದು ಅಂಗಡಿಯ ರಸೀತಿ ನೋಡಿ ತಿಳಿಯುವುದಿಲ್ಲ. ವರ್ಷಕ್ಕೆ ಎಷ್ಟು ದಿನ ಅದು ದುಡಿಯುತ್ತದೆ, ಯಾರ ಕೈಯಲ್ಲಿ ದುಡಿಯುತ್ತದೆ, ಮೊಂಡಾದಾಗ ಮುರಿದಾಗ ಯಾರು ಸರಿಮಾಡುತ್ತಾರೆ, ಈ ಮೂರನ್ನು ವಿಚಾರಿಸಿದ ಮೇಲೆಯೇ ತಿಳಿಯುತ್ತದೆ.

ಹಿಂದಿನ ಏರ್ಪಾಡು

ನಮ್ಮ ಹಿರಿಯರ ಕಾಲದಲ್ಲಿ ಈ ಮೂರು ಪ್ರಶ್ನೆಗಳಿಗೂ ಹಳ್ಳಿಯಲ್ಲೇ ಉತ್ತರವಿತ್ತು. ಕಮ್ಮಾರ, ಬಡಗಿ ಮೊದಲಾದವರು ಊರಿನ ಆಯಗಾರರಾಗಿದ್ದರು. ಸುಗ್ಗಿಯಲ್ಲಿ ಕಣಕ್ಕೇ ಬಂದು ರಾಗಿಯನ್ನೋ ಭತ್ತವನ್ನೋ ಆಯವಾಗಿ ಪಡೆದು, ವರ್ಷವಿಡೀ ನೇಗಿಲಿನ ಗುಳ, ಗುದ್ದಲಿ, ಕುಡುಗೋಲುಗಳನ್ನು ಕಾಸಿ ಬಡಿದು ಕೊಡುತ್ತಿದ್ದರು. ಹತ್ಯಾರಿನ ರಿಪೇರಿಗೆ ಬೇರೆ ಖರ್ಚಿರಲಿಲ್ಲ, ಅದು ಆಯದಲ್ಲೇ ಸೇರಿತ್ತು. ಯಾರ ಕೈಗೆ ಎಂಥ ಹಿಡಿ ಬೇಕು, ಯಾರು ಎಡಗೈಯವರು, ಯಾವ ಮಣ್ಣಿಗೆ ಎಷ್ಟು ತೂಕದ ಗುದ್ದಲಿ ಎಂಬುದೆಲ್ಲ ಕಮ್ಮಾರನಿಗೆ ಗೊತ್ತಿತ್ತು. ಈಗ ನಾವು ಯಾವುದನ್ನು ವಿಶೇಷ ಹತ್ಯಾರು ಎನ್ನುತ್ತೇವೆಯೋ ಅದು ಆಗ ಪ್ರತಿಯೊಬ್ಬನಿಗೂ ಅಳತೆಗೆ ತಕ್ಕಂತೆ ದೊರೆಯುತ್ತಿತ್ತು.

ಈ ವಿದ್ಯೆಗೆ ನಮ್ಮ ಜಿಲ್ಲೆಯಲ್ಲಿ ಬಹಳ ಹಳೆಯ ಬೇರಿದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಮಧುಗಿರಿ ಭಾಗದಲ್ಲಿ ಕಬ್ಬಿಣ ಮತ್ತು ಉಕ್ಕು ತಯಾರಿಸುತ್ತಿದ್ದ ಬಗೆಯನ್ನು ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ್ದಾನೆ. ಹಿಂದೆ ಯುರೋಪಿನಲ್ಲಿ ವೂಟ್ಜ್ ಎಂದು ಹೆಸರಾಗಿದ್ದ ದಕ್ಷಿಣ ಭಾರತದ ಉಕ್ಕಿಗೆ ಆ ಹೆಸರು ಬಂದದ್ದು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅಂಥ ನಾಡಿನಲ್ಲಿ ಇಂದು ಒಂದು ಕುಡುಗೋಲಿಗೆ ಹದ ಹಾಕಿಸಲು ಎರಡು ಮೂರು ಊರು ಅಲೆಯಬೇಕಾಗಿದೆ. ಆಯದ ಪದ್ಧತಿ ಹೋಯಿತು. ಅದು ಮರಳಿ ಬರಬೇಕಾಗಿಯೂ ಇಲ್ಲ, ಏಕೆಂದರೆ ಅದರಲ್ಲಿ ಕಮ್ಮಾರನಿಗೆ ಸಿಗುತ್ತಿದ್ದುದು ಹೊಟ್ಟೆಪಾಡು ಮಾತ್ರ. ಆದರೆ ಹತ್ಯಾರನ್ನು ಕೊಳ್ಳುವುದಕ್ಕಿಂತ ಅದನ್ನು ಸುಸ್ಥಿತಿಯಲ್ಲಿಡುವುದು ದೊಡ್ಡ ಕೆಲಸ ಎಂಬ ತಿಳಿವಳಿಕೆಯೂ ಅದರ ಜೊತೆಗೇ ಹೋಗಿಬಿಟ್ಟಿತು.

ದಿನದ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. 9 ಅಡಿಗೊಂದರಂತೆ ಸಸಿ ಇಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರಗಳಿರುತ್ತವೆ. ಗೊನೆಗಳು ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ ಒಂದೇ ಮರಕ್ಕೆ ಮೂರು ನಾಲ್ಕು ಸಲ ಹೋಗಬೇಕು. ಒಂದು ಕೊಯ್ಲಿಗೆ 3 ದಿನದಂತೆ 4 ಕೊಯ್ಲಿಗೆ ವರ್ಷದಲ್ಲಿ 12 ದಿನ ಎಂದಿಟ್ಟುಕೊಳ್ಳಿ.

ಒಂದು ಉದ್ದನೆಯ ಕಾರ್ಬನ್ ಫೈಬರ್ ದೋಟಿಗೆ 60,000 ರೂಪಾಯಿ, ಬಾಳಿಕೆ 5 ವರ್ಷ ಎಂದು ಲೆಕ್ಕದ ಅನುಕೂಲಕ್ಕಾಗಿ ಭಾವಿಸೋಣ. ನಿಜವಾದ ಬೆಲೆ ಉದ್ದ ಮತ್ತು ತಯಾರಕರನ್ನು ಅನುಸರಿಸಿ ಹೆಚ್ಚುಕಡಿಮೆ ಇರುತ್ತದೆ. ಒಂದು ಎಕರೆಯ ಬೆಳೆಗಾರರು ಅದನ್ನು ತಮ್ಮ ತೋಟಕ್ಕೆ ಮಾತ್ರ ಬಳಸಿದರೆ 5 ವರ್ಷದಲ್ಲಿ 60 ದಿನ ದುಡಿಯಿತು. ಅಂದರೆ ದಿನಕ್ಕೆ 1,000 ರೂಪಾಯಿ. ವರ್ಷಕ್ಕೆ 3,000 ರೂಪಾಯಿ ರಿಪೇರಿ ಸೇರಿಸಿದರೆ ದಿನಕ್ಕೆ 1,250. ಇದರ ಮೇಲೆ ದೋಟಿ ಹಿಡಿಯುವವರ ಕೂಲಿ ಬೇರೆ.

ಅದೇ ದೋಟಿ ಗೊನೆ ಇಳಿಸುವುದನ್ನೇ ಕಸುಬು ಮಾಡಿಕೊಂಡವರ ಕೈಯಲ್ಲಿದ್ದು, ಅವರು ಊರೂರು ತಿರುಗಿ ವರ್ಷಕ್ಕೆ 120 ದಿನ ಕೆಲಸ ಮಾಡಿದರೆ 5 ವರ್ಷಕ್ಕೆ 600 ದಿನವಾಯಿತು. ದಿನಕ್ಕೆ 100 ರೂಪಾಯಿ. ಹೆಚ್ಚು ದುಡಿದದ್ದಕ್ಕೆ ರಿಪೇರಿಯೂ ಮೂರು ಪಟ್ಟು, ಅಂದರೆ ವರ್ಷಕ್ಕೆ 9,000 ಬಂತೆಂದರೂ ದಿನಕ್ಕೆ 175 ರೂಪಾಯಿ ಮೀರದು.

ಹತ್ಯಾರು ಒಂದೇ, ಬೆಲೆಯೂ ಒಂದೇ. ಒಬ್ಬರಿಗೆ ದಿನಕ್ಕೆ 1,250, ಇನ್ನೊಬ್ಬರಿಗೆ 175. ವಿಶೇಷ ಹತ್ಯಾರು ಲಾಭವೋ ನಷ್ಟವೋ ಎಂಬ ವಾದ ಬಹಳ ಸಲ ಬಗೆಹರಿಯದಿರಲು ಇದೇ ಕಾರಣ. ಒಬ್ಬ ಸದಸ್ಯರು ತಮ್ಮ ತೋಟದ ಲೆಕ್ಕ ಹೇಳುತ್ತಾರೆ, ಮತ್ತೊಬ್ಬರು ಕಸುಬಿನವರ ಲೆಕ್ಕ ಹೇಳುತ್ತಾರೆ. ಇಬ್ಬರ ಮಾತೂ ಸರಿಯೇ.

ಹಾಗಾದರೆ ನಾಲ್ಕು ಜನ ಸೇರಿ ಕೊಂಡರಾಗದೇ ಎಂದು ಕೇಳುವವರಿದ್ದಾರೆ. ಲೆಕ್ಕದಲ್ಲಿ ಆಗುತ್ತದೆ, ತೋಟದಲ್ಲಿ ಅಷ್ಟು ಸುಲಭವಲ್ಲ. ನಮ್ಮ ಸೀಮೆಯಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದು ರೂಢಿ. ಅದಕ್ಕೆ ಕಾಯಿ ಹದವಾಗಿ ಬಲಿತಿರಬೇಕು. ಹತ್ತು ದಿನ ತಡವಾದರೆ ಕಾಯಿ ಹಣ್ಣಿನ ಕಡೆಗೆ ತಿರುಗಿ ದರ್ಜೆ ಕಳೆದುಕೊಳ್ಳುತ್ತದೆ. ಅಕ್ಕಪಕ್ಕದ ನಾಲ್ಕು ತೋಟಗಳಿಗೆ ಒಂದೇ ಮಳೆ, ಒಂದೇ ಬಿಸಿಲು. ಆದ್ದರಿಂದ ನಾಲ್ವರಿಗೂ ದೋಟಿ ಬೇಕಾಗುವುದು ಒಂದೇ ವಾರದಲ್ಲಿ. ಕೂಡಿ ಕೊಳ್ಳುವವರು ಮೊದಲು ಸರದಿಯನ್ನು ಕಾಗದದಲ್ಲಿ ಬರೆದುಕೊಂಡು, ಆಮೇಲೆ ಹಣ ಹಾಕುವುದು ಕ್ಷೇಮ.

ದೋಟಿಯ ಗುಣದೋಷ

ಬಿದಿರಿನ ದೋಟಿಗೆ ಕುಡುಗೋಲು ಕಟ್ಟಿ ಗೊನೆ ಎಳೆಯುವುದು ನಮಗೆ ಹೊಸದಲ್ಲ. ಮರ ಎತ್ತರವಾದಂತೆ ಬಿದಿರು ಭಾರವಾಗುತ್ತದೆ, ಬಾಗುತ್ತದೆ. ಅಲ್ಯೂಮಿನಿಯಂ ದೋಟಿ ಹಗುರ, ಆದರೆ ಒಮ್ಮೆ ಸೊಟ್ಟಗಾದರೆ ಒಂದು ಕೊಳವೆಯೊಳಗೆ ಇನ್ನೊಂದು ಜಾರುವುದಿಲ್ಲ. ಕಾರ್ಬನ್ ಫೈಬರ್ ಹಗುರವೂ ಹೌದು, ನೆಟ್ಟಗೂ ನಿಲ್ಲುತ್ತದೆ. ಆದರೆ ಕಲ್ಲಿನ ಮೇಲೆ ಬಿದ್ದು ಸೀಳಿದರೆ ಊರಿನಲ್ಲಿ ಸರಿಮಾಡುವವರಿಲ್ಲ.

ಕುಣಿಗಲ್ ಕಡೆ ಹೊಸದಾಗಿ ಕಟ್ಟಿದ ತೋಟಗಳಲ್ಲಿ ಮರ ಇನ್ನೂ ಗಿಡ್ಡ. ಅಲ್ಲಿ 60, 70 ಅಡಿಯ ದೋಟಿ ಕೊಳ್ಳುವುದು ಮಗುವಿಗೆ ಅಪ್ಪನ ಅಂಗಿ ಹೊಲಿಸಿದಂತೆ. ಬಿದಿರೋ ಕಡಿಮೆ ಉದ್ದದ ಅಲ್ಯೂಮಿನಿಯಮ್ಮೋ ಸದ್ಯಕ್ಕೆ ಸಾಕು. ಗುಬ್ಬಿ ತಾಲ್ಲೂಕಿನ ಚೇಳೂರು, ಕಡಬ, ನಿಟ್ಟೂರು ಸುತ್ತಿನ ಹಳೆಯ ತೋಟಗಳ ಮಾತು ಬೇರೆ. ತಾತನ ಕಾಲದ ಮರಗಳು ಎತ್ತರಕ್ಕೆ ಹೋಗಿ ಕಾಂಡ ಸಣ್ಣಗಾಗಿವೆ. ಅವುಗಳನ್ನು ಏರುವವನ ಜೀವಕ್ಕೆ ಅಪಾಯ ಹೆಚ್ಚು. ಅಲ್ಲಿ ಉದ್ದನೆಯ ದೋಟಿಯ ಬೆಲೆಯನ್ನು ಉಳಿದ ಕೂಲಿಯೊಂದಿಗೆ ಮಾತ್ರ ಹೋಲಿಸಬಾರದು, ತಪ್ಪಿದ ಅನಾಹುತದೊಂದಿಗೂ ಹೋಲಿಸಬೇಕು.

ದೋಟಿಗೂ ಅದರದೇ ಆದ ಕಷ್ಟವಿದೆ. ದಿನವಿಡೀ ಮೇಲೆ ನೋಡುತ್ತಾ ನಿಂತವರ ಕತ್ತು, ಭುಜ ಹಿಡಿದುಕೊಳ್ಳುತ್ತವೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಕಾಯಿ ಬಲಿತಿದೆಯೇ ಎಂದು ಮರ ಏರಿದವನು ಕೈಯಿಂದ ಮುಟ್ಟಿ ತಿಳಿಯುತ್ತಾನೆ, ಕೆಳಗೆ ನಿಂತವನು ಅಂದಾಜಿನ ಮೇಲೆ ಎಳೆಯಬೇಕು. ಆದ್ದರಿಂದ ದೋಟಿ ಕೊಂಡ ಮಾತ್ರಕ್ಕೆ ಯಾರು ಬೇಕಾದರೂ ಕೊಯ್ಯಬಹುದು ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. ಅದೂ ಒಂದು ಕಸುಬು, ಕಲಿಯಬೇಕು. ದಕ್ಷಿಣ ಕನ್ನಡದ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. ಅಲ್ಲಿ ಕ್ಯಾಂಪ್ಕೋ ಸಂಸ್ಥೆ ‘ಅಡಿಕೆ ಕೌಶಲ್ಯ ಪಡೆ’ ಎಂಬ ಹೆಸರಿನಲ್ಲಿ ಯುವಕರಿಗೆ ಮರ ಏರುವ ತರಬೇತಿ ಕೊಡಿಸಿದ್ದು ಈ ತಿಳಿವಳಿಕೆಯಿಂದಲೇ.

ಒಂದು ಎಚ್ಚರಿಕೆ

ಇದನ್ನು ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟದ ಆಳುಗಳಿಗೆ ಓದಿ ಹೇಳಬೇಕೆಂದು ಪ್ರಾರ್ಥನೆ. ‘ಫೈಬರ್’ ಎಂಬ ಹೆಸರು ಕೇಳಿ, ಅದು ಪ್ಲಾಸ್ಟಿಕ್ಕಿನ ಜಾತಿ, ಕರೆಂಟು ಹರಿಯುವುದಿಲ್ಲ ಎಂದು ಭಾವಿಸಿರುವವರು ಬಹಳ ಮಂದಿ. ಇದು ಪ್ರಾಣಾಂತಿಕವಾದ ತಪ್ಪು ತಿಳಿವಳಿಕೆ. ಕಾರ್ಬನ್ ಎಂದರೆ ಇಂಗಾಲ. ಟಾರ್ಚಿನ ಶೆಲ್ ಒಡೆದರೆ ನಡುವೆ ಸಿಗುವ ಕಪ್ಪು ಕಡ್ಡಿ ಅದೇ. ಅದರ ಮೂಲಕ ಕರೆಂಟು ಸಲೀಸಾಗಿ ಹರಿಯುತ್ತದೆ. ಕಾರ್ಬನ್ ಫೈಬರ್ ದೋಟಿ ತಂತಿಗೆ ತಗುಲಿದರೆ ಅಲ್ಯೂಮಿನಿಯಂ ದೋಟಿಯಷ್ಟೇ ಅಪಾಯ. ಹಸಿ ಬಿದಿರನ್ನೂ ಮಳೆಯಲ್ಲಿ ನೆಂದ ಬಿದಿರನ್ನೂ ನಂಬುವಂತಿಲ್ಲ.

ತೋಟದ ಮೇಲೋ ಪಕ್ಕದಲ್ಲೋ ವಿದ್ಯುತ್ ತಂತಿ ಹಾದುಹೋಗಿದ್ದರೆ, ದೋಟಿಯ ಪೂರ್ಣ ಉದ್ದಕ್ಕಿಂತ ಹೆಚ್ಚು ದೂರ ಬಿಟ್ಟು ಕೆಲಸ ಮಾಡಿಸಿ. ಆ ಅಂತರದೊಳಗಿನ ಮರಗಳ ಕೊಯ್ಲಿಗೆ ಬೆಸ್ಕಾಂ ಕಚೇರಿಗೆ ಮುಂಚಿತವಾಗಿ ತಿಳಿಸಿ ಲೈನ್ ಬಂದ್ ಮಾಡಿಸಿಕೊಳ್ಳಿ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ದೋಟಿಯನ್ನು ಎತ್ತಿ ಹಿಡಿದು ನಡೆಯದೆ, ಮಡಿಸಿ ಮಲಗಿಸಿ ಒಯ್ಯಲು ಹೇಳಿ.

ಮರ ಏರುವವರ ಸಾಧನ

ತೆಂಗಿನ ಕಡೆಯ ಅನುಭವವನ್ನೂ ಇಲ್ಲಿ ನೋಡಬಹುದು. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತ ಎಂ. ಜೆ. ಜೋಸೆಫ್ ರೂಪಿಸಿದ, ಎರಡು ಕಾಲಿಗೂ ಮೆಟ್ಟಿಲಿನಂತೆ ಸಿಗುವ ಏರುವ ಸಾಧನ ಇಂದು ನಮ್ಮ ಜಿಲ್ಲೆಯ ತೆಂಗಿನ ತೋಟಗಳಲ್ಲೂ ಪರಿಚಿತ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಸ್ನೇಹಿತರು’ ಎಂಬ ಯೋಜನೆ ಆರಂಭಿಸಿ, ಯುವಕ ಯುವತಿಯರಿಗೆ 6 ದಿನದ ತರಬೇತಿ ಕೊಟ್ಟು, ತರಬೇತಿ ಮುಗಿಸಿದವರಿಗೆ ಈ ಸಾಧನವನ್ನು ಉಚಿತವಾಗಿ ನೀಡಿತು. ಅದರ ಜೊತೆಗೆ ಅಪಘಾತ ವಿಮೆಯನ್ನೂ ಮಾಡಿಸಿತು.

ಇದರಲ್ಲಿ ಗಮನಿಸಬೇಕಾದುದು ಸಾಧನದ ಜಾಣ್ಮೆಯನ್ನಲ್ಲ, ಅದನ್ನು ಯಾರಿಗೆ ಕೊಟ್ಟರು ಎಂಬುದನ್ನು. ಅದು ಹೋದದ್ದು ತೋಟದ ಮಾಲೀಕರಿಗಲ್ಲ, ಏರುವವರಿಗೆ. ಹತ್ಯಾರು, ತರಬೇತಿ, ವಿಮೆ ಮೂರೂ ಒಬ್ಬರ ಕೈಗೇ ಬಂದಾಗ ಅದು ಕಸುಬಾಗುತ್ತದೆ. ಮಾಲೀಕರ ಮನೆಯ ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿರುವ ಏರುವ ಸಾಧನಗಳನ್ನು ನಾನು ಹಲವು ಕಡೆ ನೋಡಿದ್ದೇನೆ. ಕಸುಬಿನವರ ಬಳಿ ತುಕ್ಕು ಹಿಡಿದದ್ದನ್ನು ನೋಡಿಲ್ಲ.

ತೆಂಗಿನ ಸಾಧನ ಅಡಿಕೆಯ ಸಣ್ಣ ಕಾಂಡಕ್ಕೆ ಹಾಗೆಯೇ ಹೊಂದುವುದಿಲ್ಲ ಎಂಬುದನ್ನು ನೆನಪಿಡಬೇಕು. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಗಣಪತಿ ಭಟ್ಟರು ತಯಾರಿಸಿದ, ಇಂಜಿನ್ನಿನಿಂದ ಅಡಿಕೆ ಮರ ಏರುವ ‘ಸ್ಕೂಟರ್’ ದೇಶದ ಗಮನ ಸೆಳೆಯಿತು. ಅದು ಯಂತ್ರವಾದ್ದರಿಂದ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲವಾದರೂ, ಅದಕ್ಕೂ ಮೇಲೆ ಹೇಳಿದ ದಿನದ ಲೆಕ್ಕವೇ ಅನ್ವಯಿಸುತ್ತದೆ.

ಸುಲಿಯುವ ಕತ್ತಿ

ಅಡಿಕೆ ಸುಲಿಯುವ ಯಂತ್ರಗಳು ಬಂದ ಮೇಲೆ ಕೈಸುಲಿತ ಕಡಿಮೆಯಾಗಿದೆ, ನಿಂತಿಲ್ಲ. ಸಣ್ಣ ಹಿಡುವಳಿದಾರರ ಸ್ವಲ್ಪ ಕಾಯಿಗೆ, ಬಲಿತದ್ದು ಎಳೆಯದು ಬೆರೆತ ರಾಶಿಗೆ, ಯಂತ್ರ ಅರ್ಧ ಸುಲಿದು ಬಿಟ್ಟ ಕಾಯಿಗೆ ಇಂದಿಗೂ ಕೈಯೇ ಗತಿ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಕೂಲಿ ಕೆ.ಜಿ. ಲೆಕ್ಕದಲ್ಲಿ. ಆದ್ದರಿಂದ ಅವರ ಸಂಪಾದನೆ ಕತ್ತಿಯ ಬಾಯಿಯನ್ನೇ ಅವಲಂಬಿಸಿದೆ.

ಕಳೆದ ಕೊಯ್ಲಿನಲ್ಲಿ ಗುಬ್ಬಿ ತಾಲ್ಲೂಕಿನ ಒಂದು ಸುಲಿಯುವ ಚಪ್ಪರಕ್ಕೆ ಹೋಗಿದ್ದೆ. ತೋಟದವರು ಎಲ್ಲರಿಗೂ ಹೊಸ ಕತ್ತಿ ತರಿಸಿದ್ದರು, ಒಳ್ಳೆಯ ಉಕ್ಕಿನದು. ಒಬ್ಬ ಹಿರಿಯ ಹೆಂಗಸು ಮಾತ್ರ ಸವೆದು ಅರ್ಧವಾದ ತನ್ನ ಹಳೆಯ ಕತ್ತಿಯಲ್ಲೇ ಸುಲಿಯುತ್ತಿದ್ದಳು. “ಯಾಕಮ್ಮಾ, ಹೊಸದು ಸರಿಬರಲಿಲ್ಲವೇ?” ಎಂದು ಕೇಳಿದೆ.

“ಸರಿಯಾಗೇ ಐತೆ ಸ್ವಾಮಿ. ಆದ್ರೆ ಅದು ತೋಟದ್ದು, ಇದು ನಂದು. ನಂದಾದ್ರೆ ರಾತ್ರಿ ಮನೆಗೆ ತಗಂಡೋಗಿ ಕಲ್ಲಿಗೆ ತಿಕ್ಕಿ ಇಟ್ಕತೀನಿ. ತೋಟದ್ದು ನಾಳೆ ಯಾರ ಕೈಗೆ ಸಿಕ್ತದೋ, ಅದನ್ನ ಯಾರು ಮಸೀತಾರೆ?” ಎಂದಳು.

ಆಕೆಯ ಮಾತಿನಲ್ಲಿ ಈ ಲೇಖನದ ಸಾರವೇ ಇದೆ. ಎಲ್ಲರದೂ ಆದ ಕತ್ತಿ ಯಾರದೂ ಆಗುವುದಿಲ್ಲ, ಒಂದು ವಾರದಲ್ಲಿ ಮೊಂಡಾಗುತ್ತದೆ. ಮೊಂಡಾದ ಒಳ್ಳೆಯ ಕತ್ತಿಗಿಂತ ಹರಿತವಾದ ಸಾಧಾರಣ ಕತ್ತಿಯೇ ಮೇಲು. ಹಾಗೆ ನೋಡಿದರೆ ಮೊಂಡು ಕತ್ತಿಯೇ ಹೆಚ್ಚು ಅಪಾಯಕಾರಿ. ಬಲ ಹಾಕಿ ಒತ್ತಬೇಕಾಗಿ ಬಂದು ಕಾಯಿ ಜಾರಿದಾಗ ಬೆರಳು ಕೊಯ್ದುಕೊಳ್ಳುತ್ತದೆ.

ಸುಲಿಯುವವರ ಬೆನ್ನು, ಮೊಣಕಾಲುಗಳ ವಿಚಾರವನ್ನೂ ಹೇಳಬೇಕು. ನೆಲದ ಮೇಲೆ ಕುಕ್ಕುರುಗಾಲಿನಲ್ಲೋ ಕಾಲು ಮಡಿಸಿಯೋ ಹತ್ತು ಗಂಟೆ ಕೂರುವ ಬದಲು, ಕತ್ತಿಯನ್ನು ಒಂದು ಮಣೆಗೆ ಭದ್ರಪಡಿಸಿ, ಕೂರಲು ಗಿಡ್ಡ ಮಣೆಯೊಂದನ್ನು ಕೊಟ್ಟರೆ ಬಡಗಿಗೆ ಅರ್ಧ ದಿನದ ಕೆಲಸ. ಇಂಥ ಸಣ್ಣ ಬದಲಾವಣೆಯಿಂದ ಕೆಲಸ ಹಾಳಾಗುತ್ತದೆ ಎನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತರಕಾರಿ ಹೊಲಗಳ ಕೂಲಿಕಾರರಿಗೆ ಒಂದೆರಡು ಅಡಿ ಹಿಡಿಯ ಗಿಡ್ಡ ಗುದ್ದಲಿಯನ್ನೇ ಕೊಡುವ ಪದ್ಧತಿ ದಶಕಗಳ ಕಾಲ ಇತ್ತು. ಇಡೀ ದಿನ ಬಗ್ಗಿ ದುಡಿದು ಅನೇಕರ ಬೆನ್ನು ಶಾಶ್ವತವಾಗಿ ಹಾಳಾಯಿತು. ಉದ್ದ ಹಿಡಿಯ ಗುದ್ದಲಿ ಕೊಟ್ಟರೆ ಬೆಳೆಗೆ ಪೆಟ್ಟಾಗುತ್ತದೆ ಎಂಬುದು ಮಾಲೀಕರ ವಾದ. 1975ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ಗಿಡ್ಡ ಗುದ್ದಲಿ ನಿಷೇಧವಾಯಿತು. ಕ್ಯಾಲಿಫೋರ್ನಿಯಾದ ತರಕಾರಿ ಬೆಳೆ ಅದರಿಂದ ನಿಂತುಹೋಗಲಿಲ್ಲ. ಹಿಡಿಯ ಎರಡು ಅಡಿ ಮರದ ಖರ್ಚು ಎಷ್ಟು, ಒಬ್ಬ ಮನುಷ್ಯನ ಬೆನ್ನಿನ ಬೆಲೆ ಎಷ್ಟು?

ಸಲಿಕೆಯ ಕಥೆ

ಒಂದೊಂದು ಕೆಲಸಕ್ಕೆ ಒಂದೊಂದು ಹತ್ಯಾರು ಬೇಕೇ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಸುಮಾರು 1900ರ ಹೊತ್ತಿಗೆ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಎಂಬ ಇಂಜಿನಿಯರ್ ಸಲಿಕೆ ಕೆಲಸದವರನ್ನು ಗಮನಿಸಿದ. ಅವರು ತಮ್ಮ ತಮ್ಮ ಸ್ವಂತ ಸಲಿಕೆ ತಂದು ಎಲ್ಲ ಕೆಲಸಕ್ಕೂ ಅದನ್ನೇ ಬಳಸುತ್ತಿದ್ದರು. ಅದರಲ್ಲಿ ಪುಡಿ ಕಲ್ಲಿದ್ದಲು ಎತ್ತಿದರೆ ಮೂರೂವರೆ ಪೌಂಡ್, ಅದಿರು ಎತ್ತಿದರೆ 38 ಪೌಂಡ್. ಒಂದರಲ್ಲಿ ಶ್ರಮ ವ್ಯರ್ಥ, ಇನ್ನೊಂದರಲ್ಲಿ ಆಯಾಸ. ಸಲಿಕೆಗೆ 21 ಪೌಂಡ್, ಅಂದರೆ ಸುಮಾರು ಒಂಬತ್ತೂವರೆ ಕಿಲೋ ಬಂದರೆ ದಿನದ ಕೆಲಸ ಅತಿ ಹೆಚ್ಚು ಸಾಗುತ್ತದೆ ಎಂದು ಕಂಡುಕೊಂಡು, ಹಗುರ ವಸ್ತುವಿಗೆ ಅಗಲ ಸಲಿಕೆ, ಭಾರದ ವಸ್ತುವಿಗೆ ಕಿರಿದು ಸಲಿಕೆ ಮಾಡಿಸಿ, ಕಾರ್ಖಾನೆಯಲ್ಲೇ ಹತ್ಯಾರಿನ ಕೋಣೆ ತೆರೆದ. 400ರಿಂದ 600 ಜನರ ಕೆಲಸವನ್ನು 140 ಜನ ಮಾಡುವಂತಾಯಿತೆಂದು 1911ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಉಳಿದವರ ದಿನಗೂಲಿ 1.15 ಡಾಲರಿನಿಂದ 1.88 ಡಾಲರಿಗೆ ಏರಿತು.

ಹತ್ಯಾರು ಕೆಲಸಕ್ಕೆ ಹೊಂದಬೇಕು ಎಂಬ ಪಾಠ ಇದರಲ್ಲಿದೆ. ಕೆಲಸ ಮೂರು ಪಟ್ಟಿಗಿಂತ ಹೆಚ್ಚಾಯಿತು, ಕೂಲಿ ಎರಡು ಪಟ್ಟೂ ಆಗಲಿಲ್ಲ ಎಂಬ ಇನ್ನೊಂದು ಪಾಠವೂ ಇದೆ. ಹತ್ಯಾರು ಮಾಲೀಕನದಾದಾಗ ಅದರ ಲಾಭದ ದೊಡ್ಡ ಪಾಲು ಮಾಲೀಕನಿಗೇ ಹೋಗುತ್ತದೆ. ಕಾರ್ಖಾನೆಯಲ್ಲಿ ಜನ ಕಡಿಮೆಯಾದರೆ ಮಾಲೀಕನಿಗೆ ಸಂತೋಷವಿರಬಹುದು. ನಮ್ಮ ತೋಟದ ಪರಿಸ್ಥಿತಿ ಬೇರೆ, ನಮಗೆ ಜನ ಉಳಿಯಬೇಕಾಗಿದೆ.

ಗಿಡ ಸವರುವ ಕತ್ತರಿ

ಕಾಫಿ ಬೆಳೆಯುವ ಸದಸ್ಯರಿಗೂ, ಅಡಿಕೆಯ ನೆರಳಿನಲ್ಲಿ ಕಾಫಿ ಇಟ್ಟು ನೋಡುತ್ತಿರುವವರಿಗೂ ಗಿಡಗಸಿಯ ಕತ್ತರಿ ಮುಖ್ಯ. ಕೈ ಪಳಗಿದವರು ಕತ್ತಿಯಲ್ಲೇ ಚೊಕ್ಕಟವಾಗಿ ಸವರುತ್ತಾರೆ, ನಿಜ. ಹೊಸಬರ ಕೈಯಲ್ಲಿ ಕತ್ತಿ ರೆಂಬೆಯನ್ನು ಸೀಳುತ್ತದೆ, ಸೀಳಿದ ಗಾಯ ಮಾಯಲು ತಡವಾಗುತ್ತದೆ. ಕತ್ತರಿಯಲ್ಲಿ ಎರಡು ಬಗೆ. ಒಂದರಲ್ಲಿ ಎರಡು ಅಲಗುಗಳು ಒಂದರ ಪಕ್ಕ ಒಂದು ಜಾರುತ್ತವೆ, ಇನ್ನೊಂದರಲ್ಲಿ ಅಲಗು ಚಪ್ಪಟೆ ಪಟ್ಟಿಯ ಮೇಲೆ ಕೂರುತ್ತದೆ. ಹಸಿ ರೆಂಬೆಗೆ ಮೊದಲನೆಯದೇ ಸರಿ, ಎರಡನೆಯದು ತೊಗಟೆಯನ್ನು ಜಜ್ಜುತ್ತದೆ.

ದುಬಾರಿ ಕತ್ತರಿಗೆ ಅಷ್ಟು ಬೆಲೆ ಏಕೆ? 1945ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾದ ಫೆಲ್ಕೋ ಕಂಪನಿಯ ಕತ್ತರಿಗಳು ಜಗತ್ತಿನಾದ್ಯಂತ ಹೆಸರಾಗಲು ಉಕ್ಕಿನ ಗುಣದಷ್ಟೇ ಮುಖ್ಯ ಕಾರಣ, ಅದರ ಅಲಗು, ಸ್ಪ್ರಿಂಗ್, ತಿರುಪು ಎಲ್ಲವನ್ನೂ ಬಿಡಿಬಿಡಿಯಾಗಿ ಬದಲಾಯಿಸಬಹುದು ಎಂಬುದು. ಆದ್ದರಿಂದ ಯಾವ ಕಂಪನಿಯ ಕತ್ತರಿಯೇ ಆಗಲಿ, ತುಮಕೂರಿನ ಮಂಡಿಪೇಟೆಯಲ್ಲೋ ಬೇರೆಲ್ಲೋ ಕೊಳ್ಳುವಾಗ ಮೊದಲ ಪ್ರಶ್ನೆಯಾಗಿ ಕೇಳಿ: “ಇದರ ಸ್ಪ್ರಿಂಗ್ ಬಿಡಿಯಾಗಿ ಸಿಗುತ್ತದೆಯೇ?” ಇಲ್ಲ ಎಂದರೆ, ಬೆಲೆ ಕಡಿಮೆಯಿದ್ದರೂ ಅದು ಒಂದು ಹಂಗಾಮಿನ ಮಾಲು ಎಂದು ತಿಳಿಯಿರಿ.

ಬೇಡದ ಹತ್ಯಾರುಗಳು

ಹೀಗೆಂದು ಕಂಡದ್ದನ್ನೆಲ್ಲ ಕೊಳ್ಳಬೇಕಾಗಿಲ್ಲ. ಬೆಂಗಳೂರಿನ ಕೃಷಿ ಮೇಳದ ಮಳಿಗೆಗಳಲ್ಲಿ ಪ್ರತಿ ವರ್ಷ ಹೊಸ ಹೊಸ ಉಪಕರಣಗಳನ್ನು ಕಾಣುತ್ತೇವೆ. ಅಲ್ಲಿನ ಸಮತಟ್ಟು ನೆಲದಲ್ಲಿ ಚೆನ್ನಾಗಿ ನಡೆದದ್ದು ನಮ್ಮ ಬಸಿಗಾಲುವೆ, ಕೆಸರು, ಬಿದ್ದ ಹೆಡೆಗಳ ನಡುವೆ ನಡೆಯದಿರಬಹುದು. ವರ್ಷಕ್ಕೆ ಎರಡು ದಿನ ಬೇಕಾಗುವ ಹತ್ಯಾರನ್ನು ಬಾಡಿಗೆಗೆ ತನ್ನಿ. ಈಗಿರುವ ಹತ್ಯಾರನ್ನು ಮಸೆದರೆ ಆಗುವ ಕೆಲಸಕ್ಕೆ ಹೊಸದನ್ನು ಕೊಳ್ಳಬೇಡಿ. ಕೆಲಸ ಮಾಡುವವರ ಕೈಗೆ ಕೊಟ್ಟು ಒಂದು ದಿನವಾದರೂ ನೋಡದೆ ಹಣ ಕೊಡಬೇಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಹೇಳಿ ಆಳುಗಳನ್ನು ಹಾಸ್ಯ ಮಾಡುವವರುಂಟು. ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಹತ್ಯಾರು ಸರಿಯಿಲ್ಲ ಎಂದು ಅನುಭವಸ್ಥರು ಹೇಳಿದರೆ ಏಕೆಂದು ಕೇಳಿ ತಿಳಿಯುವುದು ಲೇಸು.

ಕಮ್ಮಾರರಿಗೆ ಒಂದು ಅವಕಾಶ

ಹತ್ಯಾರು ಬಾಳಬೇಕಾದರೆ ಕುಲುಮೆ ಉಳಿಯಬೇಕು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರರೂ ಬಡಗಿಗಳೂ ಹತ್ಯಾರು ತಯಾರಿಸುವವರೂ ಇದ್ದಾರೆ. ಕೌಶಲ ಪರೀಕ್ಷೆ ಮತ್ತು ತರಬೇತಿ, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆ ಕೊಳ್ಳಲು 15,000 ರೂಪಾಯಿ, ಮೊದಲ ಕಂತಾಗಿ 1 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ ಇದರಲ್ಲಿ ಸೇರಿವೆ. ನಿಮ್ಮೂರಿನ ಕಮ್ಮಾರರಿಗೆ ಇದು ತಿಳಿದಿದೆಯೇ ಎಂದು ವಿಚಾರಿಸಿ, ಇಲ್ಲವಾದರೆ ತಿಳಿಸಿ.

ಆದರೆ ಆ 18 ಕಸುಬುಗಳ ಪಟ್ಟಿಯಲ್ಲಿ ಮರ ಏರುವವರಿಲ್ಲ, ಅಡಿಕೆ ಸುಲಿಯುವವರೂ ಇಲ್ಲ. ನಮ್ಮ ಬೆಳೆ ನಿಂತಿರುವುದು ಅವರ ಕೈಮೇಲೆ. ಅವರಿಗೆ ಹತ್ಯಾರು ಒದಗಿಸುವ ಹೊಣೆ ಸದ್ಯಕ್ಕೆ ನಮ್ಮದೇ.

ಸಂಘ ಏನು ಮಾಡಬಹುದು?

ಮುಂದಿನ ಮಹಾಸಭೆಯಲ್ಲಿ ಚರ್ಚಿಸಲೆಂದು ಕೆಲವು ಸಲಹೆಗಳನ್ನು ಸದಸ್ಯರ ಮುಂದಿಡುತ್ತಿದ್ದೇನೆ.

1. ಸುಲಿಯುವ ಕತ್ತಿ, ಕಸಿ ಕತ್ತರಿ, ಏರುವ ಸಾಧನದಂಥ ಒಬ್ಬರೇ ಬಳಸುವ ಹತ್ಯಾರುಗಳು ಕೆಲಸಗಾರರ ಸ್ವಂತದ್ದಾಗಬೇಕು. ಒಬ್ಬ ಸದಸ್ಯರ ಜಾಮೀನಿನ ಮೇಲೆ ಸಂಘ ಅವುಗಳನ್ನು ಖರೀದಿ ಬೆಲೆಗೇ ಕೊಟ್ಟು, ಎರಡು ಕೊಯ್ಲಿನಲ್ಲಿ ಹಣ ವಾಪಸು ಪಡೆಯಬಹುದು.

2. ಉದ್ದನೆಯ ದೋಟಿಯಂಥ ದುಬಾರಿ ಹತ್ಯಾರನ್ನು ಎರಡು ಮೂರು ಜನರ ತಂಡಕ್ಕೆ ಇದೇ ರೀತಿ ಕೊಡಬಹುದು. ತಂಡ ಮುಂದೆ ಬಾರದ ಊರುಗಳಿಗೆ ಸಂಘವೇ ಇಟ್ಟುಕೊಂಡು, ತರಬೇತಿ ಪಡೆದ ಒಬ್ಬರ ಸಮೇತ ಬಾಡಿಗೆಗೆ ಕಳಿಸಬಹುದು. ಬರಿಯ ದೋಟಿ ಕಳಿಸುವುದು ಬೇಡ.

3. ಕೊಯ್ಲಿನ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸಂಘದ ಆವರಣದಲ್ಲಿ ಕಮ್ಮಾರರೊಬ್ಬರನ್ನು ಕೂರಿಸಿ, ಎಲ್ಲರ ಹತ್ಯಾರಿಗೂ ಸಾಣೆ ಹಿಡಿಸುವ ಏರ್ಪಾಡು ಆಗಬೇಕು.

4. ತೋಟದಲ್ಲಿ ಮರ ಏರುವ ಪ್ರತಿಯೊಬ್ಬರಿಗೂ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಬೇಕು. 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ ಕಂತು. ಅಪಘಾತದಲ್ಲಿ ಮರಣವಾದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಬ್ಯಾಂಕ್ ಖಾತೆಯೊಂದಿದ್ದರೆ ಸಾಕು. ಇದಕ್ಕೆ ಮಹಾಸಭೆಗಾಗಿ ಕಾಯಬೇಕಾಗಿಲ್ಲ, ಇಂದೇ ಮಾಡಿಸಬಹುದು.

ಹತ್ಯಾರು ತೆಗೆದುಕೊಂಡವರು ಹಣ ಕಟ್ಟದೆ ಬೇರೆ ಊರಿಗೆ ಹೋಗಿಬಿಟ್ಟರೆ ಎಂದು ಕೆಲವು ಸದಸ್ಯರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಆಳು ಸಿಗಲೆಂದು ಖೇಣಿದಾರರೂ ನಾವೂ ಪ್ರತಿ ವರ್ಷ ಕೊಡುತ್ತಿರುವ ಮುಂಗಡವನ್ನು ನೆನೆಯಿರಿ. ಆ ಹಣ ಒಂದು ತಿಂಗಳಲ್ಲಿ ಕರಗಿಹೋಗುತ್ತದೆ. ಅದೇ ಮುಂಗಡ ಒಂದು ಒಳ್ಳೆಯ ಹತ್ಯಾರಿನ ರೂಪದಲ್ಲಿದ್ದರೆ ಅದರಿಂದಲೇ ದುಡಿದು ತೀರಿಸುವ ದಾರಿಯಿರುತ್ತದೆ. ಸ್ವಂತ ಹತ್ಯಾರು, ಅದರಿಂದ ಬರುವ ಹೆಚ್ಚಿನ ಸಂಪಾದನೆ ಇದ್ದವರು ಕಸುಬು ಬಿಟ್ಟು ಹೋಗಲು ಅವಸರಪಡುವುದಿಲ್ಲ.

ಈ ವಿಷಯದಲ್ಲಿ ಸದಸ್ಯರು ತಮ್ಮ ಅನುಭವವನ್ನು, ವಿಶೇಷವಾಗಿ ಯಾವ ಹತ್ಯಾರು ಎಷ್ಟು ವರ್ಷ ಬಾಳಿತು, ರಿಪೇರಿಗೆ ಎಷ್ಟು ತಗುಲಿತು ಎಂಬ ವಿವರವನ್ನು ಒಂದು ಕಾಗದದಲ್ಲಿ ಬರೆದು ಕಾರ್ಯಾಲಯಕ್ಕೆ ತಲುಪಿಸಬೇಕಾಗಿ ವಿನಂತಿ. ತೋಟದಲ್ಲಿ ಕೆಲಸ ಮಾಡುವವರನ್ನೂ ಕೇಳಿ ಬರೆಯಿರಿ. ಬಂದ ಪತ್ರಗಳ ಆಧಾರದ ಮೇಲೆ ಮಹಾಸಭೆಯ ಮುಂದೆ ಅಂದಾಜು ಪಟ್ಟಿಯೊಂದನ್ನು ಇಡಲಾಗುವುದು.

— ಕಾರ್ಯದರ್ಶಿ